ಅಟ್ಟಣೆ ಮೇಲೆ ಕೂತ ಯಂತ್ರ

ನೀವು ಎಂದೂ ಕೇಳದ ಸಾಲ, ಎಂದೂ ಕಾಲಿಡದ ಊರಿನ ನಿವೇಶನ, ಯಾರೋ ಗುರುತಿಲ್ಲದವರ ಹಬ್ಬದ ರಿಯಾಯಿತಿ. ಇವೆಲ್ಲ ಇಮೇಲ್ ತೆರೆದ ಕೂಡಲೇ ಇನ್‌ಬಾಕ್ಸಿನ ನೆತ್ತಿಯ ಮೇಲೆ ಕೂತಿರುತ್ತವೆ. ನೀವೇ ವಿಳಾಸ ಬರೆದುಕೊಟ್ಟು 'ಹೊಸ ಜೇನು ಬಂದರೆ ತಿಳಿಸಿ' ಎಂದು ಹೇಳಿ ಬಂದಿದ್ದಿರಲ್ಲ, ಆ ಅಂಗಡಿಯ ಕಾಗದ ಮಾತ್ರ ಸ್ಪ್ಯಾಮ್ ಎಂಬ ತಿಪ್ಪೆಯಲ್ಲಿ ಬಿದ್ದಿರುತ್ತದೆ. ಮೂರು ತಿಂಗಳಾದ ಮೇಲೆ ಇನ್ನೇನನ್ನೋ ಹುಡುಕಲು ಹೋದಾಗ ಅದು ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಜೇನು ಖರ್ಚಾಗಿರುತ್ತದೆ.

ಇದು ಎಲ್ಲರಿಗೂ ಆಗಿರುವ ಅನುಭವ. ಇಂಥದ್ದೇ ಇನ್ನೊಂದು ಒಗಟು ಕಳಿಸುವವರ ಕಡೆಯಿಂದ ಇದೆ. ಅದು ಇನ್ನೂ ವಿಚಿತ್ರ: ಸಾವಿರ ಜನರಿಗೆ ಕಾಗದ ಕಳಿಸುತ್ತಿದ್ದ ಅಂಗಡಿಯವರು ಪಟ್ಟಿಯಿಂದ ಆರುನೂರೈವತ್ತು ಹೆಸರು ಹೊಡೆದುಹಾಕಿದರೆ ಓದುವವರ ಸಂಖ್ಯೆ ಹೆಚ್ಚಾಗಬಹುದು. ಕಡಿಮೆ ಬಿತ್ತಿ ಹೆಚ್ಚು ಬೆಳೆಯುವ ಈ ಲೆಕ್ಕ ಮೊದಲು ಕೇಳಿದಾಗ ನನಗೆ ಯಾರೋ ಟೋಪಿ ಹಾಕುತ್ತಿದ್ದಾರೆ ಅನ್ನಿಸಿತ್ತು.

ವ್ಯಾಪಾರದವರು ಗಿರಾಕಿಗಳಿಗೆ ಆಗಾಗ ಕಳಿಸುವ ಇಂಥ ಇಮೇಲಿಗೆ ನ್ಯೂಸ್‌ಲೆಟರ್ ಎನ್ನುತ್ತಾರೆ. ನಾವು ಸುದ್ದಿಯೋಲೆ ಎನ್ನೋಣ. ಬಾಯಿ ಪಳಗಿದ ಮೇಲೆ ಬರೀ ಓಲೆ ಎಂದರೂ ಸಾಕು.

ಬೆಟ್ಟದ ದಾರಿಯ ಅಂಗಡಿ

ಕೊಳ್ಳೇಗಾಲ ಬಿಟ್ಟು, ಹನೂರು ದಾಟಿ ಮುಂದೆ ಹೋದರೆ ರಾಗಿ ಹೊಲ, ಮುಸುಕಿನ ಜೋಳದ ಹೊಲಗಳ ಬೆನ್ನಿಗೇ ಕಾಡು. ಆ ಸೀಮೆಯ ಊರು ಮಾರ್ಟಳ್ಳಿ. ಕನ್ನಡ, ತಮಿಳು ಎರಡೂ ಒಂದೇ ಜಗಲಿಯ ಮೇಲೆ ಕೂತು ಮಾತಾಡುವ ಊರು. ಇಗರ್ಜಿಯ ಗಂಟೆಯೂ ಉಂಟು, ಮಾದಪ್ಪನ ಬೆಟ್ಟಕ್ಕೆ ಹೋಗುವವರ ಉಘೇ ಎನ್ನುವ ಕೂಗೂ ಉಂಟು.

ಇಲ್ಲಿ ಏಳೆಂಟು ಹೆಂಗಸರು ಸೇರಿ ಒಂದು ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳಿ. ಇದು ಕಲ್ಪನೆಯ ಅಂಗಡಿ, ಅದಕ್ಕೇ ಹೆಸರಿಟ್ಟಿಲ್ಲ. ಹುಣಸೆಹಣ್ಣು, ಸೀಗೆಪುಡಿ, ರಾಗಿ ಹುರಿಹಿಟ್ಟು, ಜೇನು ಅವರ ಸರಕು. ಅಮಾಸೆಗೆ, ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಆ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟಕ್ಕೆ ಜನ ಸೇರುತ್ತಾರಲ್ಲ, ಆಗ ದಾರಿಯಲ್ಲೊಂದು ಮೇಜು ಹಾಕಿ ಮಾರುತ್ತಾರೆ. ಕೊಂಡವರ ಇಮೇಲ್ ವಿಳಾಸವನ್ನು ಲೆಕ್ಕ ಬರೆಯುವ ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಎರಡು ವರ್ಷದಲ್ಲಿ ಸಾವಿರ ವಿಳಾಸವಾಯಿತು.

ಮಾರ್ಟಳ್ಳಿಯಲ್ಲಿ ಇಮೇಲ್ ಓದುವವರೆಷ್ಟು ಜನ ಎಂದು ನೀವು ಕೇಳಬಹುದು. ಅಲ್ಲಿ ಎಲ್ಲ ವಾಟ್ಸಾಪೇ. ಆದರೆ ಓಲೆ ಓದಬೇಕಾದವರು ಕೊಳ್ಳುವವರು. ಅವರಿರುವುದು ಬೆಂಗಳೂರು, ಮೈಸೂರು, ಕೊಯಮತ್ತೂರಿನಲ್ಲಿ. ಮೇಲಾಗಿ ವಾಟ್ಸಾಪ್ ಒಂದು ಕಂಪನಿಯ ಮನೆ. ಬಾಗಿಲ ಕೀಲಿ ಅವರ ಕೈಯಲ್ಲಿ. ಇಮೇಲ್ ಊರ ದಾರಿಯಂತೆ. ಅದು ಯಾರೊಬ್ಬರದೂ ಅಲ್ಲ, ಒಂದು ಕಂಪನಿಯ ಪೆಟ್ಟಿಗೆಯಿಂದ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಕಾಗದ ಹೋಗುತ್ತದೆ. ತಾಪತ್ರಯ ಹುಟ್ಟುವುದೂ ಅಲ್ಲಿಂದಲೇ.

ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದು

ಮೈಸೂರು ಸೀಮೆಗೆ ಅಂಚೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆಯ ವ್ಯವಸ್ಥೆ ಮಾಡಿದ್ದರು. 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಅದಕ್ಕೆ ಮುಂಚಿನ ಒಂದು ಚಿತ್ರ ಊಹಿಸಿಕೊಳ್ಳಿ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೆ ಸೇರಿದ್ದು. ಅರ್ಧ ಗಂಟೆಯ ಬಸ್ ದಾರಿಯಲ್ಲಿರುವ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಅದು ಮೈಸೂರಿಗೆ ಬಂದದ್ದು 1956ರಲ್ಲಿ. ಯಳಂದೂರಿನ ಕಾಗದ ಕೊಳ್ಳೇಗಾಲಕ್ಕೆ ಹೋಗಬೇಕಾದರೆ ಒಂದು ಸರಕಾರದ ಅಂಚೆ ಇನ್ನೊಂದು ಸರಕಾರದ ಅಂಚೆಯನ್ನು ನಂಬಬೇಕು. ಚೀಲದ ಬಾಯಿಗೆ ಹಾಕಿದ ಅರಗಿನ ಮುದ್ರೆ ಒಡೆದಿಲ್ಲವಾದರೆ ನಂಬಬಹುದು.

ಇಮೇಲಿನವರು ಆ ಅರಗನ್ನೇ ಮರೆತರು. ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಕಾಗದ ಕಳಿಸಿದಾಗ, ಆ ಜಾಲದಲ್ಲಿದ್ದವರು ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳವರು. ಒಂದೇ ಕೇರಿಯವರಿದ್ದಂತೆ. ಕಾಗದ ಸಾಗಿಸುವ ನಿಯಮಗಳನ್ನು 1982ರಲ್ಲಿ ಬರೆದಿಟ್ಟಾಗಲೂ ಅದೇ ಸಲುಗೆ. 'ಇಂದ' ಎನ್ನುವ ಜಾಗದಲ್ಲಿ ಯಾರ ಹೆಸರನ್ನು ಬರೆದರೂ ನಡೆಯುತ್ತಿತ್ತು, ಕೇಳುವವರಿಲ್ಲ. ನಾನು ನಿಮ್ಮ ಬ್ಯಾಂಕಿನ ಹೆಸರು ಬರೆದು ನಿಮಗೆ ಕಾಗದ ಹಾಕಬಹುದಿತ್ತು.

ಈ ತೂತನ್ನು ಮುಚ್ಚಿದ್ದು ಬಹಳ ತಡವಾಗಿ, ಮೂರು ತೇಪೆ ಹಾಕಿ. ಮೊದಲನೆಯದು ಆಳುಗಳ ಪಟ್ಟಿ: 'ನಮ್ಮ ಹೆಸರಿನಲ್ಲಿ ಕಾಗದ ತರುವವರು ಇಂತಿಂಥ ಕಂಪ್ಯೂಟರುಗಳು ಮಾತ್ರ' ಎಂದು ಅಂಗಡಿಯವರು ಎಲ್ಲರೂ ನೋಡಬಹುದಾದ ಕಡೆ ಬರೆದು ಹಾಕುತ್ತಾರೆ. ಎಸ್‌ಪಿಎಫ್ ಎನ್ನುವುದು ಇದನ್ನೇ. ಎರಡನೆಯದು ಅರಗು. ಓಲೆಯ ಒಕ್ಕಣೆಯನ್ನೇ ಅರೆದು ತೆಗೆದ ಒಂದು ಗುರುತಿಗೆ ಕಳಿಸುವವರ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುತ್ತಾರೆ. ದಾರಿಯಲ್ಲಿ ಒಕ್ಕಣೆಯ ಒಂದು ಅಕ್ಷರ ಬದಲಾದರೂ ಮುದ್ರೆ ತಾಳೆಯಾಗುವುದಿಲ್ಲ. ಇದರ ಹೆಸರು ಡಿಕೆಐಎಂ. ಮೂರನೆಯದಾದ ಡಿಮಾರ್ಕ್ ಒಂದು ಅಪ್ಪಣೆ: 'ಪಟ್ಟಿಯಲ್ಲಿಲ್ಲದವನು, ಮುದ್ರೆಯಿಲ್ಲದವನು ನಮ್ಮ ಹೆಸರು ಹೇಳಿಕೊಂಡು ಬಂದರೆ ಹೊರಗೆ ಹಾಕಿ.' ಓಲೆ ಕಳಿಸಿಕೊಡುವ ಸೇವೆಗಳನ್ನು ಬಳಸುವವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಮಾಡದೆ ಹೋದರೆ ಮುಂದಿನದ್ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಮುದ್ರೆ ಹೇಳುವುದು ಒಂದೇ ಮಾತು: ಕಾಗದ ಬರೆದವರು ಇಂಥವರೇ. ಆ ಇಂಥವರು ಒಳ್ಳೆಯವರೋ ಕೆಟ್ಟವರೋ ಮುದ್ರೆಗೆ ಗೊತ್ತಿಲ್ಲ. ಸಾಲ ಕೊಡುತ್ತೇನೆಂದು ಪೀಡಿಸುವವರೂ ಅಚ್ಚುಕಟ್ಟಾಗಿ ಮುದ್ರೆ ಒತ್ತಿಯೇ ಕಳಿಸುತ್ತಾರೆ.

ಒಂದೇ ಕಾಗದ, ಎರಡು ಹೆಸರು

1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥ್ಯುರ್ಕ್ ಎಂಬಾತ ಸುಮಾರು 400 ಜನರಿಗೆ ಒಂದೇ ಇಮೇಲ್ ಕಳಿಸಿದ. ಹೊಸ ಕಂಪ್ಯೂಟರುಗಳನ್ನು ಕ್ಯಾಲಿಫೋರ್ನಿಯಾದಲ್ಲಿ ತೋರಿಸುತ್ತೇವೆ, ಬನ್ನಿ ಎಂಬ ಆಮಂತ್ರಣ. ವಿಳಾಸಗಳು ಎಷ್ಟಿದ್ದವೆಂದರೆ ವಿಳಾಸದ ಜಾಗ ತುಂಬಿ ಉಕ್ಕಿ ಕಾಗದದ ಒಡಲಿಗೇ ಹರಿದುಬಂದಿದ್ದವು. ಜಾಲದ ತುಂಬ ಬೈಗುಳ. ಆದರೆ ಅದನ್ನು ಓದಿ ಕಂಪ್ಯೂಟರ್ ನೋಡಲು ಹೋದವರೂ ಇದ್ದರು.

ಈಗ ಅದನ್ನು ಜಗತ್ತಿನ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ನೋಡಲು ಹೋದವರ ಪಾಲಿಗೆ ಅದು ಮೊದಲ ಸುದ್ದಿಯೋಲೆ. ಅಕ್ಷರಕ್ಕೆ ಅಕ್ಷರ ಒಂದೇ ಕಾಗದ. ಒಬ್ಬರಿಗೆ ಕಸ, ಒಬ್ಬರಿಗೆ ಸುದ್ದಿ. ಹಾಗಿದ್ದ ಮೇಲೆ ಕಾಗದವನ್ನು ಎಷ್ಟು ತಿರುವಿ ಹಾಕಿ ನೋಡಿದರೂ ಅದು ಕಸವೋ ಅಲ್ಲವೋ ಗೊತ್ತಾಗುವುದು ಹೇಗೆ? ಸ್ಪ್ಯಾಮ್ ಹಿಡಿಯುವ ಯಂತ್ರ ಮಾಡಹೊರಟವರೆಲ್ಲ ಎಡವಿದ್ದು ಈ ಕಲ್ಲಿಗೇ.

ಅಟ್ಟಣೆಯ ಲೆಕ್ಕ

ಆ ಯಂತ್ರಕ್ಕೆ ಫಿಲ್ಟರ್ ಎಂಬ ಹೆಸರಿದೆ, ಕನ್ನಡದಲ್ಲಿ ಜರಡಿ ಎನ್ನುವವರಿದ್ದಾರೆ. ನನಗೇಕೋ ಆ ಮಾತು ಒಗ್ಗುವುದಿಲ್ಲ. ಜರಡಿ ಏನನ್ನೂ ಕಲಿಯುವುದಿಲ್ಲ. ಅದರ ಕಣ್ಣು ನಿನ್ನೆ ಎಷ್ಟಿತ್ತೋ ಇಂದೂ ಅಷ್ಟೇ. ಇದಕ್ಕೆ ಸರಿಯಾದ ಹೋಲಿಕೆ ಕಾಡಂಚಿನ ಹೊಲದಲ್ಲಿದೆ.

ರಾಗಿ ತೆನೆ ಕಟ್ಟಿದ ಮೇಲೆ ಆ ಕಡೆಯ ರೈತ ರಾತ್ರಿ ಮನೆಯಲ್ಲಿ ಮಲಗುವಂತಿಲ್ಲ. ಅಟ್ಟಣೆ ಹತ್ತಿ ಕಾಯಬೇಕು. ಕತ್ತಲಲ್ಲಿ ಏನೂ ಕಾಣುವುದಿಲ್ಲ, ಕಿವಿಯೇ ಕಣ್ಣು. ಕಡ್ಡಿ ಮುರಿದ ಸದ್ದಾಯಿತು. ಆನೆಯೋ, ಹಂದಿಯೋ, ಬರೀ ಗಾಳಿಯೋ?

ಲೆಕ್ಕಕ್ಕೆ ನೂರು ರಾತ್ರಿ ತೆಗೆದುಕೊಳ್ಳಿ. ಅದರಲ್ಲಿ ಆನೆ ಬರುವುದು 5 ರಾತ್ರಿ ಎಂದಿಟ್ಟುಕೊಳ್ಳೋಣ. ಆ ಐದೂ ರಾತ್ರಿ ಕಡ್ಡಿ ಮುರಿಯುತ್ತದೆ. ಆದರೆ ಆನೆ ಬಾರದ 95 ರಾತ್ರಿಗಳಲ್ಲೂ 19 ರಾತ್ರಿ ಹಂದಿಯಿಂದಲೋ ಕಡವೆಯಿಂದಲೋ ಕಡ್ಡಿ ಮುರಿಯುತ್ತದೆ. ಅಂದರೆ ಸದ್ದು ಕೇಳಿದ ರಾತ್ರಿಗಳು ಒಟ್ಟು 24, ಅದರಲ್ಲಿ ಆನೆಯವು 5. ಬರೀ ಸದ್ದು ಕೇಳಿ ತಮಟೆ ಹೊಡೆದು ಊರೆಬ್ಬಿಸಿದರೆ ಐದಕ್ಕೆ ನಾಲ್ಕು ಸಲ ಬೈಸಿಕೊಳ್ಳಬೇಕು. ಅದಕ್ಕೇ ರೈತ ಸ್ವಲ್ಪ ಕಾಯುತ್ತಾನೆ. ಗಾಳಿಯಲ್ಲಿ ಆನೆಯ ವಾಸನೆ ಬಂತು. ಆ ಐದರಲ್ಲಿ ನಾಲ್ಕು ರಾತ್ರಿ ವಾಸನೆ ಬರುತ್ತದೆ; ಉಳಿದ ಹತ್ತೊಂಬತ್ತರಲ್ಲಿ ವಾಸನೆ ಬಂದಂತೆ ಭ್ರಮೆಯಾಗುವುದು ಒಂದು ರಾತ್ರಿ. ಈಗ ಲೆಕ್ಕ ತಿರುಗಿತು: ಐದಕ್ಕೆ ನಾಲ್ಕು ಆನೆಯೇ. ಎದ್ದು ತಮಟೆ ತೆಗೆದುಕೊಳ್ಳುತ್ತಾನೆ.

ಒಂದೊಂದೇ ಸುಳಿವು ಸೇರಿದಂತೆ ಅನುಮಾನವನ್ನು ಏರಿಸುತ್ತ ಇಳಿಸುತ್ತ ಹೋಗುವ ಈ ಲೆಕ್ಕವನ್ನು ಬರೆದಿಟ್ಟವರು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಅವರು ತೀರಿಕೊಂಡ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್ ಅದನ್ನು ಅಚ್ಚು ಹಾಕಿಸಿದರು. ಅಟ್ಟಣೆಯ ಮೇಲಿನ ರೈತ ಅದನ್ನು ಓದಿಲ್ಲ, ಓದಬೇಕಾಗಿಯೂ ಇಲ್ಲ.

ಇದೇ ಲೆಕ್ಕವನ್ನು ಕಾಗದಗಳ ಮೇಲೆ ಹೂಡುವ ಪ್ರಯತ್ನ 1998ರಲ್ಲೇ ನಡೆದಿತ್ತು. ಅದು ಮನೆಮಾತಾದದ್ದು 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬರೆದ ಒಂದು ಲೇಖನದಿಂದ. ಆತ ತನಗೆ ಬಂದ ಒಳ್ಳೆಯ ಕಾಗದಗಳನ್ನು ಒಂದು ಗುಡ್ಡೆ, ಕಸವನ್ನು ಇನ್ನೊಂದು ಗುಡ್ಡೆ ಮಾಡಿದ. ಒಂದೊಂದು ಪದವೂ ಯಾವ ಗುಡ್ಡೆಯಲ್ಲಿ ಎಷ್ಟು ಸಲ ಬರುತ್ತದೆಂದು ಯಂತ್ರಕ್ಕೇ ಎಣಿಸಲು ಬಿಟ್ಟ. ಪದಗಳೇ ಅಲ್ಲಿ ಕಡ್ಡಿಯ ಸದ್ದು, ವಾಸನೆ. ಯಂತ್ರ ಕಂಡುಕೊಂಡ ಸುಳಿವುಗಳಲ್ಲಿ ಯಾರೂ ಊಹಿಸದೇ ಇದ್ದದ್ದೊಂದಿತ್ತು. ಕಣ್ಣು ಕುಕ್ಕುವ ಕೆಂಪು ಅಕ್ಷರಕ್ಕೆ ಕಂಪ್ಯೂಟರ್ ಬಳಸುವ ಬಣ್ಣದ ಗುರುತು ಅಶ್ಲೀಲ ಪದಗಳಷ್ಟೇ ಗಟ್ಟಿ ಸಾಕ್ಷಿಯಾಗಿತ್ತು! ಓಲೆಯ ತಲೆಗೆ ಕೆಂಪು ಬಣ್ಣದಲ್ಲಿ 'ಬೇಗ ಬನ್ನಿ' ಎಂದು ಬರೆಯುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳುವುದು ಒಳ್ಳೆಯದು.

ಗ್ರಹಾಂ ಇನ್ನೊಂದು ಜಾಣತನ ಮಾಡಿದ. ಒಳ್ಳೆಯ ಗುಡ್ಡೆಯ ಎಣಿಕೆಯನ್ನು ಎರಡರಿಂದ ಗುಣಿಸಿದ. ಕಸವೊಂದು ಒಳಗೆ ಬಂದರೆ ಬೇಸರ, ಅಷ್ಟೇ. ಕೆಲಸದ ಆರ್ಡರ್ ಒಂದು ತಿಪ್ಪೆಗೆ ಹೋದರೆ ನಷ್ಟ. ಹೊಲದಲ್ಲಿ ಇದು ತಿರುಗುಮುರುಗು. ಸುಳ್ಳು ತಮಟೆಗೆ ನಿದ್ದೆ ಕೆಡುತ್ತದೆ. ಆನೆ ಬಂದದ್ದು ತಿಳಿಯದೆ ಹೋದರೆ ವರ್ಷದ ಅನ್ನ ಹೋಗುತ್ತದೆ. ಆದ್ದರಿಂದ ರೈತ ಪೂರ್ತಿ ಖಾತ್ರಿಯಾಗುವವರೆಗೆ ಕಾಯದೆ ತಮಟೆ ಬಾರಿಸುತ್ತಾನೆ, ಅಂಚೆಯ ಯಂತ್ರ ದೊಡ್ಡ ಅನುಮಾನವಾಗುವವರೆಗೆ ಸುಮ್ಮನಿರುತ್ತದೆ. ಕೇಳದ ಸಾಲದ ಓಲೆ ಇನ್‌ಬಾಕ್ಸಿನಲ್ಲಿ ಕೂತಿರುವುದಕ್ಕೆ ಈ ಉದಾರತೆ ಒಂದು ಕಾರಣ.

ಪದಗಳ ಲೆಕ್ಕ ಬಹಳ ದಿನ ನಡೆಯಲಿಲ್ಲ. ಕಸ ಕಳಿಸುವವರು ಕಥೆ ಕಾದಂಬರಿಗಳ ಸಾಲುಗಳನ್ನು ಕದ್ದು ಕಾಗದದ ಅಡಿಯಲ್ಲಿ ತುಂಬತೊಡಗಿದರು. ಮೈಗೆ ಬೇರೆ ವಾಸನೆ ಬಳಿದುಕೊಂಡು ಬಂದ ಆನೆ! ಆಗ ಕಾವಲಿನವರು ಇನ್ನೊಂದು ಸುಳಿವಿಗೆ ಕಿವಿಗೊಟ್ಟರು. ರೈತನ ಲೆಕ್ಕ ಶುರುವಾದದ್ದು ಸದ್ದಿನಿಂದಲ್ಲ ಎಂಬುದನ್ನು ಗಮನಿಸಿದಿರಾ? ಅದಕ್ಕೂ ಮುಂಚೆ ಒಂದು ಅಂಕಿಯಿತ್ತು: ನೂರು ರಾತ್ರಿಯಲ್ಲಿ ಐದು. ಕಾಡಿನ ಬಾಯಿಗೇ ಇರುವ ಹೊಲವಾದರೆ ಅದು ಇಪ್ಪತ್ತಾಗುತ್ತದೆ, ಊರ ನಡುವಿನ ಹೊಲವಾದರೆ ಸೊನ್ನೆಗೆ ಹತ್ತಿರ. ಅದೇ ಸದ್ದು, ಆದರೆ ತೀರ್ಮಾನ ಬೇರೆ. ಈ ಮೊದಲಂಕಿಯನ್ನು ಕಳಿಸುವವರ ವಿಷಯದಲ್ಲಿ ಹೆಸರು ಎನ್ನಬಹುದು. ಊರಲ್ಲಿ ಹೆಸರು ಕೆಡಿಸಿಕೊಂಡ ಎನ್ನುತ್ತೇವಲ್ಲ, ಆ ಹೆಸರು.

ಹೆಸರನ್ನು ಲೆಕ್ಕ ಹಾಕುವುದು ಓದುಗರ ಬೆರಳುಗಳಿಂದ. ಮಾರ್ಟಳ್ಳಿಯ ಓಲೆಯನ್ನು ಯಾರೋ ಸ್ಪ್ಯಾಮ್ ಎಂದು ಗುರುತು ಹಾಕಿದರು: ಅಂಕಿ ಏರಿತು. ಇನ್ನೊಬ್ಬರು ತಿಪ್ಪೆಯಿಂದ ಎತ್ತಿ 'ಇದು ಕಸವಲ್ಲ' ಎಂದರು: ಅಂಕಿ ಇಳಿಯಿತು. ಈ ತಿಂಗಳ ಓಲೆಗೆ ಜನ ಏನು ಮಾಡಿದರೋ ಅದರ ಮೊತ್ತ ಮುಂದಿನ ತಿಂಗಳ ಓಲೆಯ ಮೊದಲಂಕಿಯಾಗುತ್ತದೆ. ಆ ಓಲೆಯನ್ನು ಇನ್ನೂ ಯಾರೂ ಓದಿರುವುದಿಲ್ಲ, ಬರೆದೂ ಆಗಿರುವುದಿಲ್ಲ. ಅನುಮಾನದ ತೂಕ ಆಗಲೇ ಗೊತ್ತಾಗಿರುತ್ತದೆ. ನಿಮ್ಮ ಜೇನಿನ ಓಲೆ ತಿಪ್ಪೆ ಸೇರಿದ್ದು ಹೀಗೆ. ನಿಮ್ಮಿಂದಲ್ಲ, ಓಲೆಯ ಮಾತಿನಿಂದಲೂ ಅಲ್ಲ. ಅದೇ ಅಂಗಡಿಯ ಹಿಂದಿನ ಓಲೆಗಳನ್ನು ನಿಮ್ಮಂಥ ಹಲವರು ಬೇಸರದಿಂದ ತಳ್ಳಿದ್ದರಿಂದ.

ಹೊಸ ಅಂಗಡಿಗೆ ಹೆಸರೇ ಇರುವುದಿಲ್ಲ. ಅಪರಿಚಿತ ವಿಳಾಸದಿಂದ ಮೊದಲ ದಿನವೇ ಸಾವಿರ ಓಲೆ ಹೊರಟರೆ ಕಾವಲಿನ ಯಂತ್ರಕ್ಕೆ ಅದು ಒಮ್ಮೆಲೇ ಮುರಿದ ಸಾವಿರ ಕಡ್ಡಿಯ ಸದ್ದು. ಮೊದಲು ಐವತ್ತು ಜನ ನೆಚ್ಚಿನ ಗಿರಾಕಿಗಳಿಗೆ, ಆಮೇಲೆ ನೂರಕ್ಕೆ, ಹೀಗೆ ಏರಿಸುತ್ತ ಹೋಗಬೇಕಾದದ್ದು ಇದಕ್ಕೇ.

ಕೋರಣ್ಯಕ್ಕೆ ಬಂದವರು

ಮಾದಪ್ಪನ ಭಕ್ತರಾದ ಗುಡ್ಡರು ಕಂಸಾಳೆಯ ತಾಳ ಹಿಡಿದು, ಜೋಳಿಗೆ ಹಾಕಿಕೊಂಡು ಒಕ್ಕಲ ಮನೆಗಳಿಗೆ ಹೋಗುತ್ತಾರೆ. ಆ ಭಿಕ್ಷೆಗೆ ಕೋರಣ್ಯ ಎನ್ನುತ್ತಾರೆ. ಬಾಗಿಲಿಗೆ ಬಂದವರಿಗೆ ಮನೆಯವರು ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತಂದು ಹಾಕುತ್ತಾರೆ. ಕೊರಳ ರುದ್ರಾಕ್ಷಿ, ಕೈಯ ಕಂಸಾಳೆ ನೋಡಿ ಗುರುತು ಹಿಡಿಯುತ್ತಾರೆ ನಿಜ. ಆದರೆ ಕೊಡುವುದು ಗುರುತಿಗೋಸ್ಕರ ಅಲ್ಲ. ಆ ಮನೆ ಮಾದಪ್ಪನ ಒಕ್ಕಲು ಎಂಬುದು ತಲೆಮಾರಿನ ಹಿಂದೆಯೇ ಆದ ಮಾತು. ಬಂದವರು ಕೇಳದೆ ಬಂದವರಲ್ಲ. ಬರಲಿಲ್ಲವಾದರೆ ಮನೆಯವರೇ 'ಈ ಸಲ ಯಾಕೆ ಬರಲಿಲ್ಲ' ಎನ್ನುತ್ತಾರೆ.

ಓಲೆಗೂ ಬೇಕಾದದ್ದು ಇಂಥ ಒಕ್ಕಲೇ. ನಮ್ಮ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳಲ್ಲ, ಅದರಲ್ಲಿ 'ಓಲೆ ಕಳಿಸಲಾ?' ಎಂದು ಎಷ್ಟು ಜನರನ್ನು ಕೇಳಿದ್ದಳು? ರಶೀದಿಗೆಂದು ಕೊಟ್ಟ ವಿಳಾಸ ಬೇರೆ, ಸುದ್ದಿಗೆಂದು ಕೊಟ್ಟ ವಿಳಾಸ ಬೇರೆ. ಎಲ್ಲಿಂದಲೋ ದುಡ್ಡು ಕೊಟ್ಟು ತಂದ ವಿಳಾಸಗಳ ಪಟ್ಟಿಯಂತೂ ಯಾರದೋ ಒಕ್ಕಲ ಮನೆಗೆ ವೇಷ ಹಾಕಿಕೊಂಡು ಹೋದಂತೆ.

ಕೇಳಿದವರಿಗಷ್ಟೇ ಕಳಿಸುವ ಈ ನಿಯಮ ಕಂಪ್ಯೂಟರ್ ಕಾಲದ ಶೋಧವೇನಲ್ಲ. 1898ರ ಭಾರತೀಯ ಅಂಚೆ ಕಾಯಿದೆಯ 9ನೇ ವಿಧಿ ಪತ್ರಿಕೆಗಳಿಗೆ ಅಗ್ಗದ ಅಂಚೆ ದರ ಸಿಗಲು ಎರಡು ಕಟ್ಟಳೆ ಹಾಕಿತ್ತು: ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ರೈತರ ಮನೆಗಳಿಗೆ ಹೋದದ್ದು ಚಂದಾದಾರರನ್ನು ನೆಚ್ಚಿಕೊಂಡೇ. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ 'ದ ಕೆನ್' ದಿನಕ್ಕೊಂದೇ ಬರಹವನ್ನು ಇಮೇಲಿನಲ್ಲಿ ಕಳಿಸಿ ಅದಕ್ಕೆ ಚಂದಾ ಪಡೆಯಿತು. ದುಡ್ಡು ಕೊಟ್ಟು ತರಿಸಿಕೊಂಡದ್ದನ್ನು ಸ್ಪ್ಯಾಮ್ ಎಂದು ತಳ್ಳುವವರು ಅಪರೂಪ.

ಸಾವಿರದಲ್ಲಿ ಮೂರು

2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ರಾಶಿ ಓಲೆ ಕಳಿಸುವವರಿಗೆ ಕಟ್ಟುನಿಟ್ಟಿನ ನಿಯಮ ತಂದವು. ದಿನಕ್ಕೆ ಜಿಮೇಲ್ ವಿಳಾಸಗಳಿಗೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೇಲೆ ಹೇಳಿದ ಮೂರು ತೇಪೆಗಳೂ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬೀಳುವ ಗುಂಡಿಯೂ ಕಡ್ಡಾಯ. ಒತ್ತಿದವರ ಹೆಸರನ್ನು ಎರಡು ದಿನದೊಳಗೆ ತೆಗೆಯಬೇಕು. ಸಣ್ಣವರಿಗೂ ಸೇರಿ ಎಲ್ಲರಿಗೂ ಇರುವ ಗೆರೆ ಇನ್ನೊಂದು: ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ನೂರಕ್ಕೆ 0.3 ಮುಟ್ಟಬಾರದು. ಅಂದರೆ ಸಾವಿರದಲ್ಲಿ ಮೂರು. ಒಂದಕ್ಕಿಂತ ಕೆಳಗಿದ್ದರೆ ಕ್ಷೇಮ.

ಈಗ ನಮ್ಮ ಎರಡನೆಯ ಒಗಟನ್ನು ಬಿಡಿಸಬಹುದು. ನೋಟ್‌ಬುಕ್ಕಿನ ಸಾವಿರದಲ್ಲಿ 150 ತಪ್ಪು ವಿಳಾಸ, ಸತ್ತ ವಿಳಾಸ. ಜಾತ್ರೆಯ ಗಲಾಟೆಯಲ್ಲಿ ಬರೆದದ್ದು. ಸಾಲದ್ದಕ್ಕೆ ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸುತ್ತಿದೆ. 500 ಜನಕ್ಕೆ ಅಂಗಡಿಯ ನೆನಪೇ ಇಲ್ಲ. 350 ಜನ ಮಾತ್ರ ಜೇನಿನ ರುಚಿ ನೆನಪಿಟ್ಟುಕೊಂಡವರು. ಎಲ್ಲರಿಗೂ ಓಲೆ ಹೋಯಿತು. 'ಇದ್ಯಾರಪ್ಪಾ' ಎಂದು ಮರೆತವರಲ್ಲಿ ನಾಲ್ಕೇ ನಾಲ್ಕು ಜನ ಸ್ಪ್ಯಾಮ್ ಗುಂಡಿ ಒತ್ತಿದರು ಎಂದುಕೊಳ್ಳಿ. ತಲುಪಿದ 850ರಲ್ಲಿ ನಾಲ್ಕು ಎಂದರೆ ನೂರಕ್ಕೆ 0.47. ಗೆರೆ ದಾಟಿತು. ಹೀಗೇ ಎರಡು ಮೂರು ತಿಂಗಳಾದರೆ ಮುಂದಿನ ಓಲೆ, ಬೇಕು ಎನ್ನುವ 350 ಜನರ ಮನೆಯಲ್ಲೂ ತಿಪ್ಪೆಗೇ ಬೀಳುತ್ತದೆ. ಬೇಡದವರ ಬೆರಳು ಬೇಕೆನ್ನುವವರ ಬಾಗಿಲು ಹಾಕಿತು. ಆ 650 ಹೆಸರನ್ನು ಮೊದಲೇ ಹೊಡೆದಿದ್ದರೆ ಸಾವಿರದ ಬದಲು 350 ಓಲೆ ಹೊರಡುತ್ತಿದ್ದವು, 350ಕ್ಕೂ ಕಣ್ಣು ಬೀಳುತ್ತಿತ್ತು.

ಹಾಗೆಂದು 350ರ ಪಟ್ಟಿ ಸುಖವೇನಲ್ಲ. ಅಲ್ಲಿ ಇಬ್ಬರು ಒತ್ತಿದರೂ 0.57 ಆಗುತ್ತದೆ. ಸಣ್ಣವರಿಗೆ ಒಬ್ಬೊಬ್ಬರ ಮುನಿಸೂ ಭಾರ. ಆದ್ದರಿಂದ ನನ್ನ ಕೈಯಲ್ಲಿದ್ದರೆ 'ಇನ್ನು ಓಲೆ ಬೇಡ' ಎನ್ನುವ ಸಾಲನ್ನು ಅಡಿಯಲ್ಲಿ ಬೂದು ಬಣ್ಣದ ಇರುವೆ ಅಕ್ಷರದಲ್ಲಿ ಅಡಗಿಸದೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೆ. ಬೇಸತ್ತವನಿಗೆ ಎರಡು ಬಾಗಿಲಿವೆ: ಒಂದು 'ಬೇಡ', ಇನ್ನೊಂದು 'ಸ್ಪ್ಯಾಮ್'. ಮೊದಲನೆಯದರಲ್ಲಿ ಹೋದರೆ ಅಂಗಡಿಯ ಹೆಸರಿಗೆ ಮಸಿಯಿಲ್ಲ. ಆ ಬಾಗಿಲು ಕಾಣದಿದ್ದರೆ ಎರಡನೆಯದನ್ನು ಒದ್ದುಕೊಂಡು ಹೋಗುತ್ತಾನೆ.

ಕಾಣದ ಚುಕ್ಕೆ

ನೆನಪಿಟ್ಟುಕೊಂಡ ಆ 350 ಜನ ಯಾರೆಂದು ತಿಳಿಯುವುದು ಹೇಗೆ? ಓಲೆ ಕಳಿಸುವ ಸೇವೆಗಳು 'ಇಷ್ಟು ಜನ ತೆರೆದರು' ಎಂದು ಅಂಕಿ ಕೊಡುತ್ತವೆ. ಅದರ ಗುಟ್ಟು ಓಲೆಯಲ್ಲಿ ಅಡಗಿಸಿದ ಒಂದು ಕಾಣದ ಚುಕ್ಕೆ, ಒಂದೇ ಬಿಂದುವಿನ ಚಿತ್ರ. ಓಲೆ ತೆರೆದಾಗ ಆ ಚಿತ್ರವನ್ನು ತರಲು ಫೋನು ಕಳಿಸಿದವರ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿ ಲೆಕ್ಕಕ್ಕೆ ಒಂದು ಗೀಟು ಬೀಳುತ್ತದೆ. ಕದ್ದು ನೋಡುವ ಈ ಉಪಾಯ 2021ರ ಸೆಪ್ಟೆಂಬರಿನಲ್ಲಿ ಅರ್ಧ ಕೆಟ್ಟಿತು. ಆಪಲ್ ಕಂಪನಿ ತನ್ನ ಮೇಲ್ ಬಳಸುವವರಿಗಾಗಿ, ಅವರು ಓದಲಿ ಬಿಡಲಿ, ಚಿತ್ರಗಳನ್ನೆಲ್ಲ ತಾನೇ ಮುಂಚಿತವಾಗಿ ತಂದಿಡತೊಡಗಿತು. ಈ ಏರ್ಪಾಡಿಗೆ ಒಪ್ಪಿಕೊಂಡವರೆಲ್ಲ ಓಲೆ ತೆರೆದಂತೆಯೇ ಕಾಣುತ್ತಾರೆ.

ಉಳಿದ ಗಟ್ಟಿ ಗುರುತು ಮಾರುತ್ತರ. ಓದುಗ ಒಂದು ಸಾಲು ಉತ್ತರ ಬರೆದರೆ ಅಂಗಡಿಯ ವಿಳಾಸ ಅವನ ಪರಿಚಿತರ ಪಟ್ಟಿ ಸೇರುವ ದಾರಿ ತೆರೆಯಿತು. ಪರಿಚಿತರಿಂದ ಬಂದ ಕಾಗದದ ಮೇಲೆ ಜಿಮೇಲಿಗೆ ಅನುಮಾನ ಕಡಿಮೆ. 'ಈ ವಿಳಾಸಕ್ಕೆ ಉತ್ತರಿಸಬೇಡಿ' ಎಂಬ ಹೆಸರಿನ ವಿಳಾಸದಿಂದ ಓಲೆ ಕಳಿಸುವ ದೊಡ್ಡ ಕಂಪನಿಗಳಿವೆ. ಬಾಗಿಲಿಗೆ ಬಂದು ಕೂಗಿ, ಮನೆಯವರು ಓಗೊಡುವಷ್ಟರಲ್ಲಿ ಓಡಿಹೋಗುವ ಚಾಳಿ ಅದು.

ಮೂರಕ್ಷರ, ಇಪ್ಪತ್ತೇಳು ಬೈಟು

ಕನ್ನಡದಂಥ ಲಿಪಿಯಲ್ಲಿ ಓಲೆ ಬರೆಯುವವರಿಗೆ ಎದುರಾಗುವ ಒಂದು ಸಂಗತಿ ಇದೆ. 'ಮಾರ್ಟಳ್ಳಿ' ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರು ಅದನ್ನು ಬಿಡಿಸಿ ಮ, ಇಳಿ, ರ, ವಿರಾಮ, ಟ, ಳ, ವಿರಾಮ, ಳ, ಗುಡಿಸು ಎಂದು ಒಂಬತ್ತು ತುಂಡಾಗಿ ಇಟ್ಟುಕೊಳ್ಳುತ್ತದೆ. ತುಂಡಿಗೆ ಮೂರು ಬೈಟಿನಂತೆ 27 ಬೈಟು. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರು 8 ಬೈಟು. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಓಲೆಯ ಬಾಲ ಕತ್ತರಿಸಿ, 'ಪೂರ್ತಿ ನೋಡಲು ಇಲ್ಲಿ ಒತ್ತಿ' ಎಂದು ಬಿಡುತ್ತದೆ. ನೀವೀಗ ಓದುತ್ತಿರುವ ಅಧ್ಯಾಯವನ್ನೇ ಓಲೆಯಾಗಿ ಕಳಿಸಿದರೆ ಆ 102 ಕಿಲೋಬೈಟಿನ ಅರ್ಧದಷ್ಟು ಜಾಗವನ್ನು ಬರೀ ಅಕ್ಷರಗಳೇ ತಿನ್ನುತ್ತವೆ. ಬಣ್ಣ, ಚೌಕಟ್ಟು, ಗುಂಡಿಗಳ ಅಲಂಕಾರ ಅದರ ಮೇಲೆ. ಕತ್ತರಿಸಿಹೋಗುವುದು ಬಾಲ. ಬಾಲದಲ್ಲಿ ಇರುವುದು 'ಇನ್ನು ಓಲೆ ಬೇಡ' ಎನ್ನುವ ಸಾಲು! ಅದು ಕಾಣದವನು ಯಾವ ಬಾಗಿಲಲ್ಲಿ ಹೋಗುತ್ತಾನೆಂದು ಆಗಲೇ ನೋಡಿದೆವು.

ತಲೆಬರಹದ್ದೂ ಇದೇ ಕಥೆ. ಫೋನಿನ ಪರದೆಯಲ್ಲಿ ಕನ್ನಡದ ನಾಲ್ಕೈದು ಪದ ಹಿಡಿಸಿದರೆ ಹೆಚ್ಚು. 'ನಮ್ಮ ನಲ್ಮೆಯ ಗ್ರಾಹಕರಿಗೆ ಹೃತ್ಪೂರ್ವಕ ನಮಸ್ಕಾರಗಳೊಂದಿಗೆ' ಎಂದು ಶುರು ಮಾಡಿದರೆ ಹುಣಸೆಹಣ್ಣು ಪರದೆಯ ಆಚೆ ಉಳಿಯುತ್ತದೆ.

ಅಮಾಸೆಯ ಓಲೆ

ತಿಂಗಳಿಗೆ ಎಷ್ಟು ಓಲೆ ಎನ್ನುವ ಪ್ರಶ್ನೆಗೆ ಮಾರಾಟದ ಪುಸ್ತಕಗಳು ನಾನಾ ಉತ್ತರ ಕೊಡುತ್ತವೆ. ನಮ್ಮ ಅಂಗಡಿಗೆ ಪಂಚಾಂಗವೇ ಉತ್ತರ ಕೊಟ್ಟಿದೆ. ಗಿರಾಕಿಗಳು ಅಂಗಡಿಯನ್ನು ಕಂಡದ್ದು ಅಮಾಸೆಗೆ ಬೆಟ್ಟಕ್ಕೆ ಬಂದಾಗ. ಅಮಾಸೆಗೆ ಎರಡು ದಿನ ಮುಂಚೆ ಓಲೆ ಬಂದರೆ 'ಇದ್ಯಾರಪ್ಪಾ' ಎನ್ನುವವರು ಕಡಿಮೆ. ಬೆಟ್ಟದ ನೆನಪಿನ ಜೊತೆಗೇ ಅಂಗಡಿಯ ನೆನಪೂ ಬರುತ್ತದೆ. 29-30 ದಿನಕ್ಕೊಂದು ಓಲೆ, 1898ರ ಕಾಯಿದೆ ಹೇಳಿದ 31 ದಿನದೊಳಗೇ ಆಯಿತು.

ಹುಡುಗಿ ನೋಟ್‌ಬುಕ್ ತೆಗೆದು ಎಲ್ಲರಿಗೂ ಕೊನೆಯ ಸಲ ಒಂದು ಓಲೆ ಹಾಕುತ್ತಾಳೆ, ಅದೂ ಒಂದೇ ದಿನ ಅಲ್ಲ, ದಿನಕ್ಕೆ ಐವತ್ತರಂತೆ. 'ಬೆಟ್ಟದ ದಾರಿಯಲ್ಲಿ ನಮ್ಮಲ್ಲಿ ಕೊಂಡಿದ್ದಿರಿ. ಅಮಾಸೆಗೊಂದು ಓಲೆ ಕಳಿಸಲಾ? ಬೇಕಿದ್ದರೆ ಹೂಂ ಅನ್ನಿ. ಉತ್ತರ ಬರದಿದ್ದರೆ ಮತ್ತೆ ತೊಂದರೆ ಕೊಡುವುದಿಲ್ಲ.' ಕೆಂಪು ಅಕ್ಷರವಿಲ್ಲ, ಚಿತ್ರವಿಲ್ಲ, ಕಾಣದ ಚುಕ್ಕೆಯೂ ಇಲ್ಲ. ಮೊದಲ ವಾರ ಸುದ್ದಿಯಿಲ್ಲ. ಎಂಟನೆಯ ದಿನ ಬೆಂಗಳೂರಿನಿಂದ ಒಂದು ಉತ್ತರ ಬಂತು. ಅದರಲ್ಲಿ ಹೂಂ ಎಂದೂ ಇರಲಿಲ್ಲ, ಊಹೂಂ ಎಂದೂ ಇರಲಿಲ್ಲ.

'ಹೋದ ಸಲದ ಹುಣಸೆಯಲ್ಲಿ ಬೀಜ ಜಾಸ್ತಿ ಇತ್ತು ಕಣಮ್ಮ. ಈ ಸಲದ್ದು ಹೇಗಿದೆ?'

ಯಂತ್ರ ಆ ದೂರನ್ನೂ ಅಂಗಡಿಯ ಹೆಸರಿನ ಒಳ್ಳೆಯ ಕಡೆಗೇ ಬರೆದುಕೊಂಡಿತು.